ತೊಗಲು ಮೊಟ್ಟೆಗಳ ಬೇಸಗೆ

ನಮ್ಮ ಮನೆಯಲ್ಲಿ ಹೊಡೆತಕ್ಕೂ ಒಂದು ಹೊತ್ತು ಇತ್ತು. ಬೆಳಿಗ್ಗೆ ಅಪ್ಪ ಮಾತೇ ಆಡುತ್ತಿರಲಿಲ್ಲ. ಮಧ್ಯಾಹ್ನ ಗಂಜಿ ಉಂಡು, ಚಾವಡಿಯಲ್ಲಿ ಚಾಪೆ ಹಾಸಿ ಮಲಗಿ, ಬೆವರಿಗೆ ನಿದ್ದೆ ಹತ್ತದೆ ಎದ್ದು ಕೂತನೆಂದರೆ ಅಡುಗೆಮನೆಯಲ್ಲಿ ಅಮ್ಮ ಪಾತ್ರೆಗಳನ್ನು ಸದ್ದಾಗದ ಹಾಗೆ ಎತ್ತಿಡಲು ಶುರುಮಾಡುತ್ತಿದ್ದಳು. ಬೆತ್ತ ಚಾವಡಿಯ ಬಾಗಿಲ ಮೇಲಿನ ಜಂತಿಗೆ ಸಿಕ್ಕಿಸಿ ಇರುತ್ತಿತ್ತು. ಯಾರ ಸರದಿ ಎಂದು ಮೊದಲೇ ಗೊತ್ತಾಗುತ್ತಿರಲಿಲ್ಲ. ಗಂಜಿಗೆ ಉಪ್ಪು ಹೆಚ್ಚಾದರೆ ಅಮ್ಮನದು, ನಾನು ಶಾಲೆಯಿಂದ ಬರುವಾಗ ದಾರಿಯಲ್ಲಿ ನಿಂತು ಮಾತಾಡಿದ್ದು ಗೊತ್ತಾದರೆ ನನ್ನದು. ಯಾರದೂ ತಪ್ಪಿಲ್ಲದ ದಿನ ಅದು ದೇವಕಿ ಅತ್ತೆಯ ಬೆನ್ನಿಗೆ ಹೋಗುತ್ತಿತ್ತು. ಅವಳು ಅಪ್ಪನ ತಂಗಿ. ಮರ್ಕಂಜಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ನಾಲ್ಕು ವರ್ಷ ಮಕ್ಕಳಾಗಲಿಲ್ಲವೆಂದು ಗಂಡ ಬೇರೆಯವಳನ್ನು ಕರೆತಂದ ಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬಸ್ಸಿನಲ್ಲಿ ವಾಪಸು ಬಂದವಳು. ಕಡಬದ ಹತ್ತಿರ ಬೋಳು ಗುಡ್ಡದ ನೆತ್ತಿಯ ಮೇಲಿದ್ದ ಆ ಮನೆಯಲ್ಲಿ ಇದ್ದದ್ದು ನಾವು ನಾಲ್ಕೇ ಜನ. ಮನೆಯೊಳಗೆ ತುಳು ಆಡುತ್ತಿದ್ದೆವು. ನೆನಪು ಮಾತ್ರ ಯಾಕೋ ನನಗೆ ಊರಿನ ಕನ್ನಡದಲ್ಲೇ ಬರುತ್ತದೆ.

ಅಪ್ಪ ಮೊದಲು ಮರದ ಕಂತ್ರಾಟುದಾರರೊಬ್ಬರ ಹತ್ತಿರ ಲೆಕ್ಕ ಬರೆಯುವ ರೈಟರ್ ಆಗಿದ್ದ. ಕಾಡಿನಲ್ಲಿ ಐವತ್ತು ಆಳುಗಳನ್ನು ಕೂಗಿ ಕೆಲಸ ಮಾಡಿಸಿದ ಮನುಷ್ಯ. ಆ ಕೆಲಸ ಹೋದ ಮೇಲೆ ಅವನ ಗಂಟಲಿಗೆ ಮನೆಯ ಮೂವರು ಹೆಂಗಸರು ಸಾಲದೆ ಬಂದಿರಬೇಕು. ಪಟ್ಟಣದ ಕಡೆಯಿಂದ ಇನ್ನೂರು ಬಿಳಿ ಕೋಳಿಗಳನ್ನು ಜೀಪಿನಲ್ಲಿ ತಂದಿಳಿಸಿದ. ನಮ್ಮ ಊರ ಕೋಳಿಗಳ ಹಾಗೆ ಅಂಗಳ ಕೆದರುವ ಜಾತಿಯಲ್ಲ ಅವು. ಮನೆಯ ಹಿಂದೆ ಕೆಂಪು ಮುರಕಲ್ಲಿನ ಅರ್ಧಗೋಡೆ ಕಟ್ಟಿ, ಮೇಲಿನರ್ಧಕ್ಕೆ ತಂತಿಬಲೆ ಬಡಿದು, ತಗಡಿನ ಮಾಡು ಹೊದಿಸಿ, ನೆಲಕ್ಕೆ ಉಮಿ ಹರಡಿ ಅವಕ್ಕೊಂದು ಕೊಟ್ಟಿಗೆ ಆಯಿತು. ಕೋಳಿ ನೋಡಿಕೊಳ್ಳುವುದು ಅತ್ತೆಯ ಕೆಲಸ, ಬಾವಿಯಿಂದ ನೀರು ಹೊತ್ತು ಮಣ್ಣಿನ ಚಟ್ಟಿಗಳಿಗೆ ತುಂಬಿಸುವುದು ನನ್ನ ಕೆಲಸ. ಆಗ ನನಗೆ ಹನ್ನೆರಡು ದಾಟಿತ್ತು. ಅತ್ತೆ ಕೋಳಿಗಳ ನಡುವೆ ಕೂತರೆ ಬೇರೆಯೇ ಹೆಂಗಸು. ಯಾವುದು ಮುಂದೆ ಬಂದು ತಿನ್ನುತ್ತದೆ, ಯಾವುದು ಹೆದರಿ ಮೂಲೆ ಹಿಡಿದಿದೆ ಎಂದು ಇನ್ನೂರರಲ್ಲೂ ಗುರುತು ಹೇಳುತ್ತಿದ್ದಳು. ಮನೆಯೊಳಗೆ ಅವಳ ಸ್ವರ ಕೇಳಿದ ನೆನಪೇ ನನಗಿಲ್ಲ, ಕೊಟ್ಟಿಗೆಯಲ್ಲಿ ಮಾತ್ರ ದಿನವಿಡೀ ಏನಾದರೂ ಮಾತಾಡುತ್ತಲೇ ಇರುತ್ತಿದ್ದಳು.

ಎರಡನೆಯ ವರ್ಷದ ಬೇಸಗೆ ಬಹಳ ಕೆಟ್ಟದಾಗಿ ಬಂತು. ಗುಡ್ಡದ ಮುರಕಲ್ಲು ಮಧ್ಯಾಹ್ನ ಕಾಲಿಡಲಾಗದಷ್ಟು ಕಾಯುತ್ತಿತ್ತು. ತಗಡಿನ ಮಾಡು ಕಾದು ಟಣ್ ಟಣ್ ಎಂದು ಸದ್ದು ಮಾಡುತ್ತಿತ್ತು. ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಮೈಯಿಂದ ದೂರ ಮಾಡಿ, ಗಂಟಲು ನಡುಗಿಸುತ್ತ ನಿಂತಿರುತ್ತಿದ್ದವು. ಹಾಕಿದ ತಿಂಡಿ ಹಾಗೇ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಉಮಿಯಿಂದ ಒಂದು ಮೊಟ್ಟೆ ಎತ್ತಿಕೊಂಡು ನನ್ನ ಅಂಗೈಯಲ್ಲಿಟ್ಟಳು. ಅದಕ್ಕೆ ಚಿಪ್ಪೇ ಇರಲಿಲ್ಲ. ತೆಳ್ಳಗಿನ ತೊಗಲಿನ ಚೀಲದ ಹಾಗೆ, ಇನ್ನೂ ಬಿಸಿಯಾಗಿ, ಕೈ ಅಲ್ಲಾಡಿಸಿದರೆ ಒಳಗಿನದ್ದೆಲ್ಲ ಅಲ್ಲಾಡುತ್ತಿತ್ತು. ಅತ್ತೆ ಅದಕ್ಕೆ ತೊಗಲು ಮೊಟ್ಟೆ ಎಂದಳು. ಒಂದು ಇದ್ದದ್ದು ನಾಲ್ಕಾಯಿತು, ಇಪ್ಪತ್ತಾಯಿತು. ಚಿಪ್ಪು ಇದ್ದವೂ ಹೆಬ್ಬೆರಳು ತಾಗಿದರೆ ಒಳಗೆ ಕುಸಿಯುತ್ತಿದ್ದವು. ಅಮ್ಮ ಒಡೆದದ್ದನ್ನೆಲ್ಲ ಈರುಳ್ಳಿ ಹಾಕಿ ಹುರಿದು ಮೂರು ಹೊತ್ತೂ ಬಡಿಸಿದಳು. ಇವತ್ತಿಗೂ ಆ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಆ ದಿನಗಳ ಒಂದು ಮಧ್ಯಾಹ್ನವನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ನೀರು ತುಂಬಿಸುವ ಹೊತ್ತಿಗೆ ಗೇರುಮರದ ಕೆಳಗೆ ಕೂತು ಒಬ್ಬಳೇ ಕಲ್ಲಾಡುತ್ತಿದ್ದವಳು, ತಡವಾಯಿತೆಂದು ಓಡಿ ಬಂದು ತಂತಿಬಲೆಯ ಹೊರಗೆ ನಿಂತೆ. ಚಟ್ಟಿಗಳು ಒಣಗಿದ್ದವು. ಒಳಗೆ ಒಂದು ಕೋಳಿ ನಿಂತಲ್ಲೇ ತಿಣುಕಿ ತೊಗಲು ಮೊಟ್ಟೆ ಹಾಕಿತು. ಅದು ನೆಲಕ್ಕೆ ಬಿದ್ದದ್ದೇ ತಡ, ಹತ್ತಿಪ್ಪತ್ತು ಕೋಳಿಗಳು ಮುಗಿಬಿದ್ದವು. ತೊಗಲು ಹರಿದು, ಹೀರಿ, ತೊಗಲನ್ನೂ ನುಂಗಿದವು. ಕ್ಷಣದಲ್ಲಿ ಉಮಿಯ ಮೇಲೆ ಒದ್ದೆ ಗುರುತು ಬಿಟ್ಟು ಏನೂ ಉಳಿಯಲಿಲ್ಲ. ಹಾಕಿದ ಕೋಳಿಯ ಹಿಂಭಾಗದಿಂದ ರಕ್ತ ಇಳಿಯುತ್ತಿತ್ತು. ಒಂದು ಕೋಳಿ ಆ ಕೆಂಪಿಗೆ ಕುಕ್ಕಿತು, ಆಮೇಲೆ ಎಲ್ಲವೂ ಕುಕ್ಕಿದವು. ಅದು ಓಡಿತು, ಗೋಡೆಗೆ ತಾಗಿತು, ಮೂಲೆಯಲ್ಲಿ ತಲೆ ಹುದುಗಿಸಿ ಕೂತಿತು. ಅವು ಅದರ ಕರುಳನ್ನು ಎಳೆದು ಹಂಚಿಕೊಂಡವು, ಅದು ಜೀವ ಇರುವಾಗಲೇ. ನಾನು ಬಾಗಿಲು ತೆಗೆದು ಒಳಗೆ ಹೋಗಲಿಲ್ಲ. ನೋಡುತ್ತಾ ನಿಂತೆ. ಆಮೇಲೆ ಸತ್ತದ್ದನ್ನು ಅತ್ತೆ ಹೂತಳು, ಮುಂಗುಸಿ ಬಂದಿರಬೇಕು ಎಂದಳು. ನಾನು ಕಂಡದ್ದನ್ನು ಹೇಳಬಹುದಿತ್ತು. ಹೇಳಿದರೆ, ಆ ಹೊತ್ತಿಗೆ ನೀರು ಯಾಕೆ ಇರಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು.

ಬುಟ್ಟಿಗೆ ಬೀಳುವ ಮೊಟ್ಟೆ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಒಡೆದ ಗುರುತಿಲ್ಲ, ಚಿಪ್ಪಿಲ್ಲ, ಹೋದದ್ದೆಲ್ಲಿಗೆ ಎಂದು ಅಪ್ಪ ಕೇಳತೊಡಗಿದ. ತಂತಿಬಲೆಯಲ್ಲಿ ಒಂದು ಕಡೆ ಕೈ ತೂರುವಷ್ಟು ಹರಿದಿತ್ತು. ಅದನ್ನು ಕಂಡ ಮೇಲೆ ಅವನ ತಲೆಯಲ್ಲಿ ಎಲ್ಲ ತೀರ್ಮಾನವಾಗಿ ಹೋಯಿತು. ದೇವಕಿ ಆ ತೂತಿನಿಂದ ಯಾರಿಗೋ ಮೊಟ್ಟೆ ದಾಟಿಸುತ್ತಿದ್ದಾಳೆ, ಮರ್ಕಂಜದವನ ಹತ್ತಿರ ವಾಪಸು ಹೋಗಲು ಗಂಟು ಕಟ್ಟುತ್ತಿದ್ದಾಳೆ ಎಂದ. ತಿಂಗಳ ಸಂಕ್ರಮಣದ ಒಂದು ಬೆಳಿಗ್ಗೆ ಚಾವಡಿಯ ಮೂಲೆಯಲ್ಲಿದ್ದ ದೈವದ ಮಣೆಯ ಮುಂದೆ ದೀಪ ಹಚ್ಚಿಸಿ ಅವಳನ್ನು ನಿಲ್ಲಿಸಿದ. ನಮ್ಮ ಕಡೆ ದೈವದ ಎದುರು ಆಣೆ ಹಾಕುವುದೆಂದರೆ ಆಟವಲ್ಲ. ಸುಳ್ಳು ಆಣೆ ಹಾಕಿದವರ ಮನೆ ಮುಗಿಯಿತೆಂದೇ ಲೆಕ್ಕ. ಅತ್ತೆ ಮಿಂದ ಒದ್ದೆ ಕೂದಲಿನಲ್ಲೇ ಬಂದು ದೀಪವನ್ನು ಮುಟ್ಟಿ, ಒಂದು ಮೊಟ್ಟೆಯನ್ನೂ ನಾನು ಯಾರಿಗೂ ಕೊಟ್ಟಿಲ್ಲ ಎಂದಳು. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಅಮ್ಮನ ಸೆರಗು ಹಿಡಿದು ನಾನಿದ್ದೆ, ಬಾಯೊಳಗೆ ಮಾತು ಸಿದ್ಧವಾಗಿತ್ತು. ದೈವವಾದರೂ ನನ್ನ ಕಡೆ ಬೆರಳು ತೋರಿಸಿ ಬಾಯಿ ಬಿಡಿಸಲಿ ಎಂದು ಕಾದೆ. ಅಪ್ಪ ದೀಪ ಆರಿಸಿ, ದೈವಕ್ಕೂ ಹೆದರದವಳು ಇವಳು ಎಂದಷ್ಟೇ ಹೇಳಿ ಹೊರಗೆ ಹೋದ.

ಅದೇ ದಿನ ಮಧ್ಯಾಹ್ನ ಅತ್ತೆ ಬುಟ್ಟಿ ಹಿಡಿದುಕೊಂಡು ಕೊಟ್ಟಿಗೆಯಿಂದ ಹೊರಬರುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಬುಟ್ಟಿಯ ತಳದಲ್ಲಿ ಏಳೆಂಟು ಮೊಟ್ಟೆ ಇದ್ದಿರಬಹುದು. ಅವನು ಬುಟ್ಟಿಯನ್ನು ನೋಡಲೂ ಇಲ್ಲ. ಅವಳ ಬಲಗೈಯ ಮಣಿಕಟ್ಟು ಹಿಡಿದು ಬಾಗಿಲ ದಾರಂದದ ಮೇಲೆ ಒತ್ತಿದ.

"ಈ ಕೈಯಲ್ಲಾ ಕೊಡುದು?"

ಅತ್ತೆ ಹೇಳಿದ್ದು ಒಂದೇ ಮಾತು.

"ಅಣ್ಣ, ಬೇಡ."

ಹಲಸಿನ ಹಲಗೆಯ ಬಾಗಿಲು ಅದು. ಅವನು ಇನ್ನೊಂದು ಕೈಯಲ್ಲಿ ಅದನ್ನು ಎಳೆದು ಬಡಿದ. ಎರಡನೆಯ ಸಲ ಬಡಿಯುವಾಗ ಮೂಳೆಯ ಸದ್ದು ಜಗಲಿಯಲ್ಲಿದ್ದ ನನಗೂ ಕೇಳಿಸಿತು. ಒಣಗಿದ ಕಡ್ಡಿ ಮುರಿದ ಹಾಗಲ್ಲ, ಹಸಿ ಬಿದಿರು ಸೀಳಿದ ಹಾಗೆ. ಅತ್ತೆ ಒಡೆದ ಮೊಟ್ಟೆಗಳ ಮೇಲೆಯೇ ಕೂತುಬಿಟ್ಟಳು. ಅಮ್ಮ ಓಡಿ ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಾಗ ಅಪ್ಪ ಅಮ್ಮನ ಬೆನ್ನಿಗೂ ಎರಡು ಒದೆ ಕೊಟ್ಟ. ಕೋಳಿಗಳು ತಂತಿಗೆ ಬಡಿದುಕೊಂಡು ಹಾರಾಡುತ್ತಿದ್ದವು.

ಊರಿನ ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು, ಎಣ್ಣೆ ಬಟ್ಟೆ ಸುತ್ತಿ ಕಟ್ಟಿದರು. ಮೂರು ದಿನ ಅತ್ತೆ ಜ್ವರದಲ್ಲಿ ಮಲಗಿದ್ದಳು. ಕೋಳಿಗಳ ಎಲ್ಲ ಕೆಲಸ ನನ್ನ ಮೇಲೆ ಬಿತ್ತು. ನಾಲ್ಕನೆಯ ದಿನ ನಾನು ಗುಡ್ಡ ಇಳಿದು ಆಚೆ ಬದಿಯ ಮರಿಯಮ್ಮ ಚೇಡತ್ತಿಯ ಮನೆಗೆ ಹೋದೆ. ಕೇರಳದಿಂದ ಬಂದು ಕಾಡು ಕಡಿದು ರಬ್ಬರು ಹಾಕಿದ ಕುಟುಂಬ ಅವರದು, ಹಿರಿಯ ಹೆಂಗಸನ್ನು ಅವರಲ್ಲಿ ಚೇಡತ್ತಿ ಎನ್ನುತ್ತಾರೆ. ಚೇಡತ್ತಿಯ ಬಿಳಿ ಕೋಳಿಗಳು ನಮ್ಮವಕ್ಕಿಂತ ಹಳೆಯವು, ಅವಳ ಮೊಟ್ಟೆ ಕಲ್ಲಿನ ಹಾಗೆ ಗಟ್ಟಿ ಎಂದು ಅಂಗಡಿಯಲ್ಲಿ ಕೇಳಿದ್ದೆ. ಅವಳಿಗೆ ಕನ್ನಡ ಅರ್ಧಂಬರ್ಧ, ನನಗೆ ಮಲಯಾಳ ಅರ್ಧಂಬರ್ಧ. ಅಳುತ್ತಾ ತೊಗಲು ಮೊಟ್ಟೆಯ ಕಥೆ ಹೇಳಿದೆ. ಯಾವತ್ತೂ ಹೇಳದ ಆ ಮಧ್ಯಾಹ್ನದ ಕಥೆಯನ್ನೂ ಹೇಳಿದೆ. ಅವಳು ಬೈಯಲಿಲ್ಲ. ಮುಖ ತೊಳೆಸಿ, ಬೆಲ್ಲದ ಕಾಪಿ ಕೊಟ್ಟಳು.

"ಮೋಳೆ, ಮಗಳೇ, ಮೊಟ್ಟೆಗೆ ಚಿಪ್ಪು ಎಲ್ಲಿಂದ ಬರುದು? ತಿಂದದ್ದರಿಂದ. ತಿನ್ನದಿದ್ದರೆ ಅದರ ಎಲುಬಿನಿಂದ. ಈ ಸೆಕೆಗೆ ಅದು ತಿನ್ನುದೇ ಇಲ್ಲ, ಮತ್ತೆ ಎಲುಬು ಎಷ್ಟು ದಿನ ಬರ್ತದೆ?"

ಅವಳು ಹೇಳಿದ್ದನ್ನೆಲ್ಲ ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಬಂದೆ. ಮೀನು ಮಾರುವ ಬ್ಯಾರಿ ಸೈಕಲ್ಲಿನಲ್ಲಿ ತರುತ್ತಿದ್ದ ಮರುವಾಯಿ ಎಂಬ ಚಿಪ್ಪುಮೀನನ್ನು ತಿಂದು ಜನ ಚಿಪ್ಪನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಮನೆಮನೆಯ ಹಿತ್ತಲು, ಹೋಟೆಲಿನ ತಿಪ್ಪೆ ಹುಡುಕಿ ಗೋಣಿಚೀಲದಲ್ಲಿ ಆ ಚಿಪ್ಪು ಹೊತ್ತು ತಂದೆ. ಒನಕೆಯಲ್ಲಿ ಕುಟ್ಟಿ, ಅಕ್ಕಿನುಚ್ಚಿನಷ್ಟು ಮಾಡಿ, ಬೇರೆ ಚಟ್ಟಿಯಲ್ಲಿ ಇಟ್ಟೆ. ಕೋಳಿಗಳು ಅದನ್ನು ಕಂಡು ಹಸಿದವರ ಹಾಗೆ ಮುಗಿಬಿದ್ದವು. ತಿಂಡಿಯನ್ನು ಬೆಳಕು ಹರಿಯುವ ಮೊದಲು ಮತ್ತು ಸೂರ್ಯ ಮುಳುಗುವ ಹೊತ್ತಿಗೆ ಹಾಕಿದೆ. ನೀರನ್ನು ದಿನಕ್ಕೆ ಐದು ಸಲ ಬದಲಿಸಿದೆ. ತಗಡಿನ ಮೇಲೆ ತೆಂಗಿನ ಮಡಲು ಹರಡಿ ಅದಕ್ಕೂ ನೀರು ಚಿಮುಕಿಸಿದೆ, ತಂತಿಬಲೆಗೆ ಒದ್ದೆ ಗೋಣಿ ಕಟ್ಟಿದೆ. ಅತ್ತೆ ಎಡಗೈಯಲ್ಲಿ ಗೋಣಿಯ ತುದಿ ಹಿಡಿದುಕೊಳ್ಳುತ್ತಿದ್ದಳು. ಎರಡು ವಾರದಲ್ಲಿ ಮೊಟ್ಟೆಗೆ ಚಿಪ್ಪು ಬಂತು. ಮೊದಲು ಕಾಗದದಷ್ಟು, ಆಮೇಲೆ ಉಗುರು ಬಡಿದರೆ ಸದ್ದಾಗುವಷ್ಟು. ಬುಟ್ಟಿ ಮತ್ತೆ ತುಂಬತೊಡಗಿತು.

ಅಪ್ಪ ಇದನ್ನು ಬೇರೆಯೇ ರೀತಿ ಅರ್ಥ ಮಾಡಿಕೊಂಡ. ಒಂದು ದಿನ ಗಂಜಿಯ ಮುಂದೆ ಕೂತು, ಅತ್ತೆ ಅಲ್ಲೇ ಇರುವಾಗಲೇ, ನಗುತ್ತಾ ಹೇಳಿದ.

"ಕೈ ಮುರಿದ ಮೇಲೆ ಮೊಟ್ಟೆ ಸರಿಯಾಯ್ತಲ್ಲ."

ಅತ್ತೆಯ ಎಡಗೈ ಬಟ್ಟಲಿನಲ್ಲೇ ನಿಂತಿತು. ಆಗ ನನಗೆ ಬಾಯಿ ಬಂತು. ಕೋಳಿಗಳೇ ತೊಗಲು ಮೊಟ್ಟೆ ತಿನ್ನುತ್ತಿದ್ದವು, ನಾನು ಕಣ್ಣಾರೆ ಕಂಡಿದ್ದೇನೆ, ಆ ದಿನ ನೀರು ಇಡದವಳು ನಾನು, ಅತ್ತೆ ಏನೂ ಮಾಡಿಲ್ಲ ಎಂದೆ. ಅಪ್ಪ ಗಂಜಿ ಪೂರ್ತಿ ಉಂಡು, ಕೈ ತೊಳೆದು ಬಂದು ಬೆತ್ತ ತೆಗೆದ. ಕಳ್ಳಿಗೆ ಸಾಕ್ಷಿ ಹೇಳುತ್ತೀಯಾ ಎಂದು ಒಂದೊಂದು ಏಟಿಗೂ ಕೇಳಿದ. ನನ್ನ ಮೀನಖಂಡದ ಚರ್ಮ ಎದ್ದು ಬಂತು. ನಾನು ಮಾತು ಬದಲಿಸಲಿಲ್ಲ. ಮರುದಿನ ಅವನು ಮಾಡಿನ ಮೇಲಿನ ಮಡಲುಗಳನ್ನೂ ಒದ್ದೆ ಗೋಣಿಗಳನ್ನೂ ಕಿತ್ತೆಸೆದು, ತಂತಿಬಲೆಯ ಸುತ್ತಲೂ ತಗಡಿನ ಹಾಳೆ ಬಡಿದ. ಬಾಗಿಲಿಗೆ ಬೀಗ ಹಾಕಿದ. ನಾನು ಒಳಗೆ ಹೋಗುವಾಗಲೂ ಬರುವಾಗಲೂ ಅವನೇ ನಿಂತು ಬೀಗ ತೆಗೆಯಬೇಕು. ಯಾರ ಕೈಯೂ ತೂರಬಾರದು ಎಂದ. ಗಾಳಿಯೂ ತೂರುವುದಿಲ್ಲ ಎಂದು ಹೇಳಲು ಆ ದಿನ ನಮ್ಮಲ್ಲಿ ಯಾರಿಗೂ ಧೈರ್ಯ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವನು ಕೋಳಿತಿಂಡಿ ತರಲು ಪುತ್ತೂರಿಗೆ ಹೋದ. ಬೀಗದ ಕೈ ಅವನ ಸೊಂಟದಲ್ಲೇ ಹೋಯಿತು. ಹತ್ತು ಗಂಟೆಗೆಲ್ಲ ಗುಡ್ಡದ ಮೇಲೆ ಬಿಸಿಲು ಅಲೆಯಾಡತೊಡಗಿತು. ಹನ್ನೊಂದಕ್ಕೆ ಕೊಟ್ಟಿಗೆಯಿಂದ ಬರುತ್ತಿದ್ದ ಸದ್ದು ಬದಲಾಯಿತು. ಮೊದಲು ಇನ್ನೂರು ಗಂಟಲುಗಳ ಏದುಸಿರು, ಆಮೇಲೆ ಮೈಗಳು ತಗಡಿಗೆ ಬಡಿಯುವ ಸದ್ದು. ಅಮ್ಮ ಬೇಡ ಎಂದಳು. ಬೀಗ ಮುಟ್ಟಿದರೆ ಸಾಯಿಸುತ್ತಾರೆ, ಕೋಳಿ ಸತ್ತರೆ ಸಾಯಲಿ ಎಂದಳು. ಅತ್ತೆ ಸೌದೆಕೊಟ್ಟಿಗೆಯಿಂದ ಕೊಡಲಿಯನ್ನು ಎಡಗೈಯಲ್ಲಿ ಎಳೆದುಕೊಂಡು ಬಂದಳು. ಒಂದು ಏಟು ಹಾಕಿದಳು. ಕೊಡಲಿ ಹಾರಿ ಬಿತ್ತು. ನಾನು ಎತ್ತಿಕೊಂಡೆ.

ಹಲಸಿನ ಹಲಗೆ ಸುಲಭಕ್ಕೆ ಒಡೆಯುವುದಿಲ್ಲ. ಎಷ್ಟು ಹೊತ್ತು ಕಡಿದೆನೋ ಗೊತ್ತಿಲ್ಲ, ಅಂಗೈಯ ಚರ್ಮ ಹಿಡಿಗೆ ಅಂಟಿಕೊಂಡಿತ್ತು. ಬಾಗಿಲು ಬಿದ್ದಾಗ ಒಳಗಿನಿಂದ ಬಂದ ಬಿಸಿಗೆ ನನ್ನ ಹುಬ್ಬು ಸುಟ್ಟ ಹಾಗಾಯಿತು. ಗಾಳಿಗಾಗಿ ಬಾಗಿಲ ಬುಡಕ್ಕೆ ಬಂದು ಒಂದರ ಮೇಲೊಂದು ಬಿದ್ದು ಸತ್ತವುಗಳದೇ ಮೊಣಕಾಲೆತ್ತರದ ರಾಶಿ. ಕೆಲವಕ್ಕೆ ಕೊಕ್ಕಿನಲ್ಲಿ ರಕ್ತ, ಕೆಲವಕ್ಕೆ ಹಿಂದೆ ಅರ್ಧ ಇಳಿದ ಮೊಟ್ಟೆ. ನಾನು ಸತ್ತವನ್ನೂ ಬದುಕಿದ್ದವನ್ನೂ ಒಟ್ಟಿಗೇ ಎಳೆದು ಹೊರಗೆ ಎಸೆದೆ. ಅತ್ತೆ ಒಂದೊಂದನ್ನೇ ಮುಟ್ಟಿ ನೋಡಿ, ಉಸಿರು ಇದ್ದದ್ದನ್ನು ನೀರಿನ ಹಂಡೆಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ಗೇರುಮರದ ನೆರಳಿನಲ್ಲಿ ಒದ್ದೆ ಗೋಣಿಯ ಮೇಲೆ ಮಲಗಿಸಿದಳು. ಕೊನೆಗೆ ಅಮ್ಮನೂ ಬಂದಳು. ಬಾವಿಯಿಂದ ನೀರು ಸೇದಿ ಸೇದಿ ಹಾಕಿದಳು. ಅರುವತ್ತಕ್ಕೆ ಸ್ವಲ್ಪ ಹೆಚ್ಚು ಉಳಿದವು. ಉಳಿದದ್ದೆಲ್ಲ ಅಂಗಳದಲ್ಲಿ ಬಿಳಿಯಾಗಿ ಬಿದ್ದಿತ್ತು, ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ, ನೊಣ ಮುತ್ತಿ.

ಅಪ್ಪ ಸಂಜೆಯ ಬಸ್ಸಿಗೆ ಬಂದ. ಹೆಗಲ ಮೇಲಿನ ಚೀಲ ಇಳಿಸಿ ಅಂಗಳ ನೋಡಿದ, ಮುರಿದ ಬಾಗಿಲು ನೋಡಿದ. ಮೊಳೆ ಚಾಚಿಕೊಂಡಿದ್ದ ಒಂದು ಹಲಗೆಯ ಚೂರನ್ನು ಹೆಕ್ಕಿಕೊಂಡು, ಗೇರುಮರದ ಕೆಳಗೆ ಕೋಳಿಗೆ ನೀರು ಕುಡಿಸುತ್ತಿದ್ದ ಅತ್ತೆಯ ಕಡೆ ನೇರ ನಡೆದ. ಮೊದಲ ಏಟು ಅವಳ ಹೆಗಲಿಗೆ ಬಿತ್ತು. ಮೊಳೆ ರವಿಕೆಯನ್ನು ಹರಿದು ಮಾಂಸಕ್ಕೆ ಇಳಿದು, ಎಳೆದಾಗ ಅವಳೂ ಅದರ ಜೊತೆ ಎದ್ದು ಬಂದಳು. ಅಮ್ಮ ಅವನ ಕಾಲು ಹಿಡಿದಳು. ಅವನು ಎರಡನೆಯ ಸಲ ಕೈ ಎತ್ತಿದಾಗ ನಾನು ಹಿಂದಿನಿಂದ ಕೊಡಲಿ ಬೀಸಿದೆ.

ಯಾವ ಬದಿಯಿಂದ ಬೀಸುತ್ತಿದ್ದೇನೆಂದು ನಾನು ನೋಡಿರಲಿಲ್ಲ. ಕೊಡಲಿಯ ಬೆನ್ನು ಮೊಣಕಾಲಿನ ಕೆಳಗೆ ತಾಗಿದ್ದು ಅವನ ಅದೃಷ್ಟ, ನನ್ನದೂ. ಅವನು ಸತ್ತ ಕೋಳಿಗಳ ನಡುವೆ ಬಿದ್ದ. ಎದ್ದೇಳಲು ನೋಡಿದ, ಕಾಲು ಗಂಟಿಲ್ಲದ ಕಡೆ ಮಡಚಿತು. ನಾನು ಮತ್ತೆ ಕೊಡಲಿ ಎತ್ತಿದೆ. ಹೊಡೆಯುವುದಕ್ಕೇ ಎತ್ತಿದ್ದು, ಹೆದರಿಸುವುದಕ್ಕಲ್ಲ. ಅತ್ತೆ ರಕ್ತ ಸುರಿಯುವ ಹೆಗಲಿನಲ್ಲೇ ಬಂದು ನನ್ನನ್ನು ಎಡಗೈಯಲ್ಲಿ ತಬ್ಬಿ ಹಿಡಿದಳು.

"ಸಾಕು ಕುಸುಮ. ಕೆಳಗಿಡು."

ಚೇಡತ್ತಿಯ ಮನೆಯವರು ಜೀಪು ತಂದು ಎಲ್ಲರನ್ನೂ ಪುತ್ತೂರಿನ ಆಸ್ಪತ್ರೆಗೆ ಸಾಗಿಸಿದರು. ಮಾಡಿಗೆ ತಗಡು ಬಡಿಯುವಾಗ ಬಿದ್ದೆ ಎಂದು ಅಪ್ಪ ಡಾಕ್ಟರಿಗೆ ಹೇಳಿದ. ಬಿದ್ದದ್ದಲ್ಲ, ನಾನು ಕೊಡಲಿಯಲ್ಲಿ ಹೊಡೆದದ್ದು ಎಂದು ನಾನು ಹೇಳಿದೆ. ಡಾಕ್ಟರು ನನ್ನ ಕಾಲಿನ ಬಾಸುಂಡೆ ನೋಡಿದರು, ಅತ್ತೆಯ ಹೆಗಲು, ಸೊಟ್ಟಗೆ ಕೂಡಿಕೊಳ್ಳುತ್ತಿದ್ದ ಕೈ ನೋಡಿದರು. ಅಪ್ಪನ ಕಡೆ ತಿರುಗಿ, ಇನ್ನೊಮ್ಮೆ ಈ ಹೆಂಗಸರಲ್ಲಿ ಯಾರಾದರೂ ಹೀಗೆ ಬಂದರೆ ನಾನು ಪೊಲೀಸರಿಗೆ ಬರೆಯುತ್ತೇನೆ ಎಂದರು. ಅಪ್ಪನಿಗೆ ಯಾರಾದರೂ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೆಗಲಿನ ಹೊಲಿಗೆ ಬಿಚ್ಚಿದ ವಾರದಲ್ಲೇ ಅತ್ತೆ ಉಳಿದ ಕೋಳಿಗಳನ್ನು ಬುಟ್ಟಿಗಳಲ್ಲಿ ಹಾಕಿಕೊಂಡು ಚೇಡತ್ತಿಯ ಜಾಗಕ್ಕೆ ಹೋದಳು. ಅಲ್ಲಿ ಮುಳಿಹುಲ್ಲಿನ ಮಾಡು ಹಾಕಿ, ನಾಲ್ಕೂ ಕಡೆ ತೆರೆದ ಕೊಟ್ಟಿಗೆ ಕಟ್ಟಿ, ಬದುಕಿದಷ್ಟು ಕಾಲವೂ ಕೋಳಿ ಸಾಕಿಯೇ ಬದುಕಿದಳು. ನಮ್ಮ ಮನೆಯ ಮೆಟ್ಟಲನ್ನು ಮತ್ತೆ ತುಳಿಯಲಿಲ್ಲ. ಅಪ್ಪ ಕುಂಟುತ್ತಾ ಎದ್ದ. ಆಮೇಲೆ ಅವನು ಬೆತ್ತ ಮುಟ್ಟಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾನಿರುವಾಗ ಮುಟ್ಟಲಿಲ್ಲ.

ಆಸ್ಪತ್ರೆಯಿಂದ ನಾನೂ ಅಮ್ಮನೂ ಮೊದಲು ಮನೆಗೆ ಬಂದ ದಿನ ಅಮ್ಮ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮೀಯಿಸಿದಳು. ಮೈಯೆಲ್ಲ ಗರಿ, ಉಮಿ, ರಕ್ತ ಒಣಗಿ ಅಂಟಿತ್ತು. ಅವಳು ಅಂಟುವಾಳದ ನೊರೆ ಹಚ್ಚಿ ನನ್ನ ಅಂಗೈಯ ಗಾಯಗಳನ್ನು ಮೆಲ್ಲನೆ ಬಿಡಿಸಿ ತೊಳೆದಳು. ತೊಳೆಯುತ್ತಲೇ ಕೇಳಿದಳು.

"ಹೊಡೆಯುವಾಗ ನಿನಗೆ ಹೆದರಿಕೆ ಆಗ್ಲಿಲ್ವಾ?"

ಇಲ್ಲ ಎಂದೆ. ಅದು ನಿಜವಾಗಿತ್ತು. ಕೊಡಲಿ ಎಲುಬಿಗೆ ತಾಗಿದಾಗ ಕೈಯಿಂದ ತೋಳಿಗೆ ಏರಿದ ಆ ಅದುರು ನನಗೆ ಹಿತವಾಗಿತ್ತು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅಮ್ಮ ಚೆಂಬು ಎತ್ತಿದವಳು ನೀರು ಹೊಯ್ಯದೆ ನನ್ನ ಮುಖ ನೋಡಿದಳು.

"ನಿನ್ನ ಅಪ್ಪನಿಗೂ ಆಗುದಿಲ್ಲ," ಎಂದಳು.

ಆಮೇಲೆ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದು ತಲೆಯ ಮೇಲೆ ನೀರು ಹೊಯ್ದಳು.